ಹಗೇವಿನ ತಳದ ಗಾಳಿ

ದೊಡವಾಡ
ದಿ. ೨೬-೫-೧೯೭೪

ಚಿ. ಸೌ. ಪದ್ಮವ್ವಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಕೂಸು ಹಾಲು ಕುಡಿಯುತ್ತಿದೆಯೇ? ನೀನು ಹಸಿ ಬಾಣಂತಿ, ಕಿವಿಗೆ ಬಟ್ಟೆ ಕಟ್ಟಿಕೊಂಡಿರು. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಕೈ ಬರುತ್ತಿಲ್ಲ.

ನಿನ್ನ ತಮ್ಮ ನೀಲಪ್ಪ ಹಗೇವಿನೊಳಗೆ ಬಿದ್ದಿದ್ದ. ನಿನ್ನ ಅತ್ತೆಗೆ ಗೊತ್ತು, ಬಾಣಂತಿಗೆ ಹೇಳಬೇಡಿರಿ ಎಂದು ನಾನೇ ಹೇಳಿ ಕಳಿಸಿದ್ದೆ. ಮಳೆಗೆ ಮುಂಚೆ ನೆಲದಲ್ಲಿ ಹೂಳಿಟ್ಟ ಜೋಳ ತೆಗೆಯಲು ಹಗೇವಿನ ಬಾಯಿ ತೆರೆದು ಒಂದು ದಿನ ಬಿಟ್ಟಿದ್ದೆವು. ನೆಲದಡಿ ಗಾಳಿ ಕೆಟ್ಟಿರುತ್ತದೆ ಎಂದು ನಿಮ್ಮಪ್ಪ ಕಂದೀಲು ಇಳಿಬಿಟ್ಟು ನೋಡಿದರು. ಆರಲಿಲ್ಲ. ಆದರೆ ಹಗ್ಗ ಹೋದ ವರ್ಷದ ಅಳತೆಯದು, ಆಗ ಜೋಳ ಹಗೇವಿನ ಕೊರಳತನಕ ಇತ್ತು. ಈ ಸಲ ತುಂಬಿದ್ದೇ ಅರ್ಧ. ಕಂದೀಲು ನಡುವೆಯೇ ತೂಗುತ್ತಿದ್ದುದು ಯಾರ ತಲೆಗೂ ಹೊಳೆಯಲಿಲ್ಲ.

ನೀಲಪ್ಪ ಇಳಿದು ನಿಂತು, "ಯವ್ವಾ, ಒಳಗ ಬಾಳ ಸೆಕಿ ಐತಿ" ಅಂದ. ಬುಟ್ಟಿ ತುಂಬಲು ಬಗ್ಗಿದವನು ಏಳಲಿಲ್ಲ. ಕೆಟ್ಟ ಗಾಳಿ ತಳದಲ್ಲಿ ನೀರಿನಂತೆ ನಿಂತಿರುತ್ತದಂತೆ. ಬಿಸಿಲು, ಚಳಿ ಮೈಗೆ ಗೊತ್ತಾಗುತ್ತವೆ, ಇದು ಗೊತ್ತಾಗುವುದರೊಳಗೆ ಕೈಕಾಲು ಹೋಗಿರುತ್ತವೆ ಎಂದು ಬೈಲಹೊಂಗಲದ ಡಾಕ್ಟರರು ಹೇಳಿದರು.

ನಿಮ್ಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಬೀಡಿ ಸೇದಿದ ಎದೆ, ಬೇಡ ಎಂದೆ. ಆ ಮುದುಕ ಯಾವತ್ತು ನನ್ನ ಮಾತು ಕೇಳಿದ್ದಾರೆ? "ಉಸಿರ ಬಿಗಿ ಹಿಡದ ಇಳೀತೇನಿ, ಹಗ್ಗ ಅಳ್ಳಾಡಿದ ಕೂಡ್ಲೆ ಜಗ್ಗರಿ" ಅಂದರು. ಹಗ್ಗ ಅಲುಗಿತು. ನಾನೂ ಪಕ್ಕದ ಮನೆಯ ಲಗಮಣ್ಣನೂ ಜಗ್ಗಿದೆವು. ಮೇಲೆ ಬಂದವನು ನೀಲಪ್ಪ. ಹಗ್ಗ ಬಿಚ್ಚಿ ಮಗನ ಸೊಂಟಕ್ಕೆ ಕಟ್ಟಿದ್ದರು.

ಎದೆ ತಿಕ್ಕಿದ ಮೇಲೆ ನೀಲಪ್ಪನ ಉಸಿರು ತಿರುಗಿತು. ಈಗ ಗಂಜಿ ಕುಡಿಯುತ್ತಾನೆ. ಮಾತು ತೊದಲುತ್ತದೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಎದೆ ಇನ್ನೂ ಗಟ್ಟಿಯಿಲ್ಲ, ಕೆಟ್ಟ ಸುದ್ದಿ ಕಿವಿಗೆ ಬಿದ್ದರೆ ತಡೆಯಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರರು. ಇವನೊಬ್ಬ ಉಳಿದರೆ ಸಾಕು ಮಗಳೇ, ನನಗೆ ಬೇರೇನೂ ಬೇಡ. ಬಾಣಂತನ ಮುಗಿಸಿ ಬಾ, ಅವನೆದುರು ಕಣ್ಣೀರು ಹಾಕಬೇಡ. ನಿಮ್ಮಪ್ಪನ ಮಾತು ಆಗ ಆಡೋಣ.

ನಿನ್ನ ದಾರಿ ಕಾಯುವ ಅವ್ವ,
ಸಾವಂತ್ರೆವ್ವ

ತಾ. ಕ.: ಬರೆಯಬಾರದೆಂದಿದ್ದೆ. ನಿಮ್ಮ ಸಿರಸಂಗಿಗೆ ಬಳೆಗಾರ ಬಂದರೆ ನನ್ನ ಅಳತೆಯ ಹಸಿರು ಬಳೆ ತೆಗೆದು, ಯಾರ ಕೈಯಲ್ಲಾದರೂ ಬೇಗ ಕಳಿಸು. ಇಲ್ಲಿ ನನಗೆ ಯಾರೂ ಬಳೆ ಇಡುವುದಿಲ್ಲ, ಮಣ್ಣು ಕೊಟ್ಟ ದಿನ ಇದ್ದವನ್ನು ಒಡೆದವರೇ ಅವರು. ನೀಲಪ್ಪ ಅಪ್ಪ ಎಲ್ಲಿ ಎಂದು ಕೇಳುತ್ತಾನೆ. ಸವದತ್ತಿ ಸಂತೆಗೆ ಹೋಗಿದ್ದಾರೆ ಎನ್ನುತ್ತೇನೆ. ಆಗ ಅವನು ನನ್ನ ಮುಖ ನೋಡುವುದಿಲ್ಲ, ಸೆರಗಿನೊಳಗೆ ಮುಚ್ಚಿಕೊಂಡ ಕೈ ನೋಡುತ್ತಾನೆ.