ದಿಬ್ಬದ ಪೂರ್ವ ಮಗ್ಗುಲು

ಹೌಗಲಾಂಡ್
೨ ಮೇ ೧೮೯೦, ಪ್ರಾರ್ಥನೆಯ ಶುಕ್ರವಾರ

ಪ್ರೀತಿಯ ಸಿನ್ನೆವಾ ಅಕ್ಕನಿಗೆ,

ನಿನ್ನ ತಮ್ಮನ ಹೆಂಡತಿ ಗುನ್ವೋರ್ ಮಾಡುವ ನಮಸ್ಕಾರಗಳು. ದೇವರ ಶಾಂತಿ ನಿನ್ನ ಮನೆಯಲ್ಲಿ ನೆಲೆಸಿರಲಿ.

ಇವತ್ತು ಉಪವಾಸ. ಚರ್ಚಿನಿಂದ ಬರುವ ತನಕ ಬಾಯಿಗೆ ಏನೂ ಹಾಕಬಾರದೆಂದು ನಮ್ಮಮ್ಮ ಕಲಿಸಿದ್ದನ್ನು ನಾನಿನ್ನೂ ಬಿಟ್ಟಿಲ್ಲ. ಹಸುಗಳ ಹಾಲು ಕರೆದು, ಕೊಟ್ಟಿಗೆ ಬಾಚಿ, ಮರಿ ಹಾಕಿದ ಕುರಿಗಳಿಗೆ ಬೆಚ್ಚಗಿನ ನೀರು ಕೊಟ್ಟು ಈಗಷ್ಟೇ ಕೂತೆ. ಚರ್ಚಿಗೆ ದೋಣಿ ಹೊರಡಲು ಇನ್ನೂ ಹೊತ್ತಿದೆ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಎರಡು ಸಾಲಿಗೇ ಎದ್ದುಬಿಡುತ್ತಿದ್ದೆ. ಈಗ ಆ ಭಯವಿಲ್ಲ, ದೇವರಿಗೆ ಸ್ತೋತ್ರ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ: ನಮ್ಮ ಮಗುವನ್ನು ಯಾರೂ ಮುಟ್ಟಲಿಲ್ಲ. ನೀನೂ ಅತ್ತೆಯೂ ಮಲಗಿಸಿದ ಜಾಗದಲ್ಲೇ ಇದೆ.

ಆದದ್ದು ಹೀಗೆ. ಈಸ್ಟರ್ ಕಳೆದ ವಾರ ಪಟ್ಟಣದ ಮ್ಯೂಸಿಯಮ್ಮಿನಿಂದ ಒಬ್ಬರು ಮೇಷ್ಟ್ರು ಬಂದರು. ನಮ್ಮ ಹೊಲದ ದಿಬ್ಬವನ್ನು ಅಗೆದು ನೋಡಬೇಕಂತೆ. ಒಳಗೆ ಕ್ರಿಸ್ತನ ಹೆಸರು ಕೇಳದ ಕಾಲದ ಯಜಮಾನನೊಬ್ಬನನ್ನು ಹೂತಿದ್ದಾರೆ ಎನ್ನುವುದು ಇಲ್ಲಿ ಕೂಸಿಗೂ ಗೊತ್ತು. ಅವನ ಕತ್ತಿ, ಕುದುರೆಯ ಕಡಿವಾಣ ಇವು ಮೇಷ್ಟ್ರಿಗೆ ಬೇಕು. ಜೊತೆಗೆ ಊರಿನ ಅಮಲ್ದಾರರನ್ನೂ ಕರೆತಂದಿದ್ದರು. ನಿನ್ನ ತಮ್ಮ ಒಲ್ಲೆ ಎನ್ನುವುದು ಹೇಗೆ? ಯಾಕೆ ಒಲ್ಲೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. "ಪಡುವಣ ಕಡೆ ಮಾತ್ರ ಅಗೆಯಿರಿ" ಅಂದರು. ಮೇಷ್ಟ್ರು ಒಪ್ಪಿದರು. ಒಳ್ಳೆಯ ಮನುಷ್ಯ, ಊಟಕ್ಕೆ ಮುಂಚೆ ಕೈ ಮುಗಿಯುತ್ತಾರೆ, ನನ್ನ ರೊಟ್ಟಿಯನ್ನು ಹೊಗಳುತ್ತಾರೆ.

ಪಡುವಣದಲ್ಲಿ ಕತ್ತಿಯೂ ಸಿಕ್ಕಿತು, ಕಡಿವಾಣವೂ ಸಿಕ್ಕಿತು. ಅಲ್ಲಿಗೆ ಮುಗಿಯಿತು ಅಂತ ನಾನು ಉಸಿರು ಬಿಡುವಷ್ಟರಲ್ಲಿ, ಈ ಮಂಗಳವಾರ ಊಟದ ಮೇಜಿನಲ್ಲಿ ಮೇಷ್ಟ್ರು ಅಂದರು, "ಯಜಮಾನ ಸಿಕ್ಕ, ಯಜಮಾನಿ ಪೂರ್ವದ ಕಡೆ ಇರಬೇಕು. ನಾಳೆ ಆ ಕಡೆ ಕೈ ಹಾಕೋಣ."

ನನ್ನ ಕೈಯಿಂದ ಗಂಜಿಯ ಸೌಟು ಬಿತ್ತು. ನಿನ್ನ ತಮ್ಮ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, ಊಟ ಮುಂದುವರಿಸಿದರು.

ಅಕ್ಕ, ನನ್ನ ಭಯ ನಿನ್ನೊಬ್ಬಳಿಗೇ ಅರ್ಥವಾಗುತ್ತದೆ. ಪೂರ್ವ ಮಗ್ಗುಲಲ್ಲಿ ಮಗುವನ್ನು ಇಟ್ಟು ಹೂತ ಆ ಬೆಣ್ಣೆ ಡಬ್ಬಿ ನಿನ್ನ ಮದುವೆಗೆ ಬಂದದ್ದು, ಮುಚ್ಚಳದ ಮೇಲೆ ಕೆಂಪು ಗುಲಾಬಿ ಬರೆಸಿದ್ದು. ಅದು ಸಿಕ್ಕರೆ ಹಳೇ ಕಾಲದ್ದು ಅಂತ ಯಾರು ನಂಬುತ್ತಾರೆ? ಮಗು ಉಸಿರಾಡದೇ ಹುಟ್ಟಿತು, ದೀಕ್ಷಾಸ್ನಾನವಾಗದ ಕೂಸಿಗೆ ಚರ್ಚಿನ ಬೇಲಿಯೊಳಗೆ ಜಾಗವಿಲ್ಲ ಅಂತ ಆಗಿನ ಪಾದ್ರಿ ಹೇಳಿದರು, ಇದನ್ನೆಲ್ಲ ಈಗ ಯಾರ ಮುಂದೆ ಹೇಳಲಿ? ಆ ಪಾದ್ರಿಯೂ ಇಲ್ಲ, ಅತ್ತೆಯೂ ಇಲ್ಲ. ಗುಟ್ಟಾಗಿ ಹೆತ್ತು ಗುಟ್ಟಾಗಿ ಹೂತ ತಾಯಿ ಅಂದರೆ ಜನ ಏನು ತಿಳಿಯುತ್ತಾರೆ, ಅಮಲ್ದಾರರು ಏನು ಬರೆದುಕೊಳ್ಳುತ್ತಾರೆ ನೀನೇ ಹೇಳು. ಅದಕ್ಕಿಂತ ಹೆಚ್ಚಾಗಿ, ಮಲಗಿದ ಕೂಸನ್ನು ಎಬ್ಬಿಸಿ ಪಟ್ಟಣಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ?

ಬುಧವಾರ ಬೆಳಿಗ್ಗೆ ಅಗೆಯುವವರು ಮೂವರೂ ಗುದ್ದಲಿ ಹಿಡಿದು ಬಂದರು. ಆಚೆ ಮನೆಯ ಮೋನ್ಸ್ ನಿನಗೆ ಗೊತ್ತಲ್ಲ, ಅವನ ಬಾಯಿಗೆ ಬೀಗವಿಲ್ಲ. "ಏನ್ ಗುನ್ವೋರಮ್ಮ, ಮುಖ ಹುಳಿ ಮೊಸರಿನ ಹಾಗಿದೆ? ದಿಬ್ಬದ ಯಜಮಾನ ಎದ್ದು ಬಂದು ಗಂಜಿ ಕೇಳ್ತಾನೆ ಅಂತ ಭಯವಾ?" ಅಂದ. ದಿಬ್ಬದ ಬುಡದ ಕಲ್ಲಿನ ಮೇಲೆ ಕೂತು ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದೆ. ಪೂರ್ವದ ಕಡೆಯ ಹುಲ್ಲು ಹೆರೆದರು. ಮೊದಲ ಗುದ್ದಲಿ ಬೀಳುವಷ್ಟರಲ್ಲಿ ನಮ್ಮ ಕೊಟ್ಟಿಗೆಯ ಹಿಂದಿನಿಂದ ಹೊಗೆ ಎದ್ದಿತು.

"ಬೆಂಕಿ!" ಅಂತ ಕೂಗಿದೆ.

ಅವರು ಓಡಬೇಕು ತಾನೆ? ಮೂವರೂ ಬಿದ್ದು ಬಿದ್ದು ನಕ್ಕರು! ದಿಬ್ಬ ಅಗೆದವನ ಕಣ್ಣಿಗೆ ಅವನ ಮನೆಯೇ ಹೊತ್ತಿ ಉರಿದಂತೆ ಕಾಣುತ್ತದೆ, ಓಡಿ ಹೋಗಿ ನೋಡಿದರೆ ಏನೂ ಇರುವುದಿಲ್ಲ, ತಿರುಗಿ ಬರುವಷ್ಟರಲ್ಲಿ ಗುಂಡಿ ಮುಚ್ಚಿರುತ್ತದೆ ಎಂದು ನಮ್ಮವರು ಹೇಳುವುದು ಇಲ್ಲವೇ? "ಬಂತು ನೋಡ್ರೋ ಯಜಮಾನನ ಆಟ!" ಅಂದ ಮೋನ್ಸ್. "ಯಾರೂ ಅಲ್ಲಾಡಬೇಡಿ. ನಮ್ಮಜ್ಜ ಓಡಿ ಕೆಟ್ಟ, ನಾನು ಓಡಲ್ಲ."

"ನಿಜವಾದ ಬೆಂಕಿ ಕಣೋ, ದರಿದ್ರದವನೇ!"

"ಹಾಗೇ ಕಾಣ್ಸುತ್ತೆ ಗುನ್ವೋರಮ್ಮ, ಅದೇ ಅವನ ಕೈಚಳಕ. ವಾಸನೆ ಕೂಡ ಎಷ್ಟು ಚೆನ್ನಾಗಿ ಬರಿಸಿದಾನೆ ನೋಡಿ!"

ಅಷ್ಟರಲ್ಲಿ ನಿನ್ನ ತಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಕಾಣಿಸಿಕೊಂಡರು. ಮುಖಕ್ಕೆಲ್ಲ ಮಸಿ. "ಏನ್ರೋ ನೋಡ್ತಾ ನಿಂತಿದ್ದೀರಿ? ಬಕೆಟ್ ತನ್ನಿ!" ಅಂತ ಗದರಿದರು. ಆಮೇಲೆ ಓಡಿದರು ನೋಡು. ಎಲ್ಲರಿಗಿಂತ ಮುಂದೆ ಮೇಷ್ಟ್ರು, ಕೋಟಿನ ಬಾಲ ಹಾರಿಸಿಕೊಂಡು. ಬಾರ್ಲಿ ಒಣಗಿಸುವ ಗುಡಿಸಲು ಉರಿಯುತ್ತಿತ್ತು. ಅದನ್ನು ಮಾವನವರು ದೂರದಲ್ಲಿ ಕಟ್ಟಿಸಿದ್ದು ಪುಣ್ಯ, ಬೆಂಕಿ ಬೇರೆಲ್ಲೂ ಹಬ್ಬಲಿಲ್ಲ. ಹೊಳೆಯ ನೀರು ಸುರಿದು ಸುರಿದು ಕಡೆಗೆ ಆರಿಸಿದರು. ಗುಡಿಸಲು ಮಾತ್ರ ಉಳಿಯಲಿಲ್ಲ. ನನ್ನ ಅಂಗೈ ಸ್ವಲ್ಪ ಸುಟ್ಟಿದೆ, ಗಾಬರಿಯಾಗಬೇಡ. ಮೇಷ್ಟ್ರ ಮೀಸೆ ಒಂದು ಕಡೆ ಹೋಯಿತು.

ಬೂದಿಯ ಮುಂದೆ ನಿಂತ ಮೋನ್ಸನ ಮುಖದಲ್ಲಿ ರಕ್ತವಿರಲಿಲ್ಲ. "ಇಷ್ಟು ದಿನ ಬರೀ ತೋರಿಸ್ತಿದ್ದ. ಈ ಸಲ ಮಾಡೇ ಬಿಟ್ಟ," ಅಂದ. "ಮುಂದಿನ ಸಲ ನನ್ನ ಮನೆ. ಸ್ವಾಮಿ, ನನ್ನ ಗುದ್ದಲಿ ನಾನು ತಗೊಂಡು ಹೋಗ್ತೀನಿ." ಮಿಕ್ಕವರಿಬ್ಬರೂ ಅವನ ಹಿಂದೆಯೇ ಹೊರಟರು. ಮೇಷ್ಟ್ರು ಊರೆಲ್ಲ ಸುತ್ತಿದರು, ಹೆಚ್ಚು ಕೂಲಿ ಕೊಡುತ್ತೇನೆಂದರು, ಒಬ್ಬನೂ ಬರಲಿಲ್ಲ. ನಿನ್ನೆ ಕತ್ತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಡಗು ಹತ್ತಿದರು. ಹೊರಡುವ ಮುಂಚೆ ಹೆರೆದ ಹುಲ್ಲನ್ನು ತಾವೇ ಹಿಂದಕ್ಕೆ ಹೊದಿಸಿ, ಕಾಲಿನಿಂದ ಮೆಲ್ಲಗೆ ಒತ್ತಿದರು. "ಇನ್ನು ಇದರ ಗೋಜಿಗೆ ಯಾರೂ ಬರಲ್ಲ ಅಮ್ಮ. ನಿಮ್ಮ ಗುಡಿಸಲಿಗಾಗಿ ನನಗೆ ತುಂಬಾ ದುಃಖವಾಗಿದೆ," ಅಂದರು. ದುಃಖಪಡಬೇಡಿ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂದಿತ್ತು. ರೊಟ್ಟಿ ಕಟ್ಟಿಕೊಟ್ಟು ಕಳಿಸಿದೆ.

ಈಗ ಕೇಳು. ಅವರು ಹೋದ ಮೇಲೆ ಕುರಿಗಳಿಗೆ ಹುಲ್ಲು ತರಲು ಅಟ್ಟ ಹತ್ತಿದೆ. ಹುಲ್ಲಿನ ಹಿಂದೆ ಬಾರ್ಲಿಯ ಚೀಲಗಳು ಸಾಲಾಗಿ ಕೂತಿದ್ದವು! ಸುಟ್ಟು ಹೋಯಿತೆಂದು ನಾನು ಅತ್ತ ಬಾರ್ಲಿಯೇ, ಒಂದು ಚೀಲವೂ ಕಡಿಮೆಯಿಲ್ಲ. ಪಕ್ಕದಲ್ಲಿ ಗುಡಿಸಲಿನ ಬಾಗಿಲು, ಕೀಲು ಸಮೇತ ಕಳಚಿ ಗೋಡೆಗೆ ಒರಗಿಸಿದ್ದರು.

ಕೆಳಗಿಳಿದು ಬಂದು ಇವರ ಮುಂದೆ ನಿಂತೆ. "ಬಾಗಿಲು ಯಾಕೆ ಅಟ್ಟದಲ್ಲಿದೆ?"

ಬಲೆ ಹೆಣೆಯುತ್ತಿದ್ದವರು ತಲೆ ಎತ್ತದೆ, "ಅದು ಅಪ್ಪ ಮಾಡಿದ್ದು. ಒಳ್ಳೆ ಮರ," ಅಂದರು.

"ಗುಡಿಸಲೂ ಅಪ್ಪ ಕಟ್ಟಿಸಿದ್ದೇ ಅಲ್ವಾ?"

"ಅದರ ಮಾಡು ಸೋರ್ತಿತ್ತು." ಇನ್ನೆರಡು ಗಂಟು ಹಾಕಿದರು. ಆಮೇಲೆ ಅಂದರು, "ಆ ಮೋನ್ಸ್ ಎಂಥ ಕತ್ತೆ ಅಂತೀನಿ. ಅವನು ನಗ್ತಾ ನಿಂತಿದ್ದು ನೋಡಿ, ಸುಮ್ಮನೆ ಗುಡಿಸಲು ಸುಟ್ಟೆನಲ್ಲಪ್ಪಾ ಅಂತ ನನ್ನ ಜೀವವೇ ಹೋಗಿತ್ತು."

ಅಕ್ಕ, ನಾನು ನೆಲದ ಮೇಲೆ ಕೂತುಬಿಟ್ಟೆ. ನಕ್ಕೆನೋ ಅತ್ತೆನೋ ತಿಳಿಯದು. ಹೆತ್ತಾಗ ನನಗೆ ಇಪ್ಪತ್ತೆರಡು, ಈಗ ಐವತ್ತು. ಈ ಮನುಷ್ಯ ಆ ಮಗುವಿನ ವಿಷಯ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಮರೆತಿದ್ದಾರೆ ಅಂತಲೇ ತಿಳಿದಿದ್ದೆ. ಪ್ರತಿ ಕ್ರಿಸ್‌ಮಸ್ ಸಂಜೆ ಬಟ್ಟಲು ಹಿಡಿದು ದಿಬ್ಬಕ್ಕೆ ಹೋಗುತ್ತಾರಲ್ಲ, ಸತ್ತ ಅನ್ಯಧರ್ಮದವನಿಗೆ ಬಿಯರ್ ಹೊಯ್ಯುವುದು ಪಾಪ ಅಂತ ಎಷ್ಟು ಜಗಳವಾಡಿದ್ದೇನೆ! ಆ ಬಟ್ಟಲು ತೊಳೆಯುವಾಗ ಹಾಲಿನ ವಾಸನೆ ಬರುತ್ತಿತ್ತು. ಯಾಕೆಂದು ನಾನು ಯೋಚಿಸಿರಲೇ ಇಲ್ಲ.

ಇವತ್ತು ಪ್ರಾಯಶ್ಚಿತ್ತದ ದಿನ. ಇವರು ಮಾಡಿದ್ದಕ್ಕೆ ಕ್ಷಮೆ ಕೇಳೋಣವೆಂದು ಬೆಳಿಗ್ಗೆ ಮೊಣಕಾಲೂರಿದೆ. ಸ್ತೋತ್ರವೇ ಬಾಯಿಗೆ ಬಂತು. ಅದನ್ನೇ ಹೇಳಿ ಎದ್ದೆ.

ನಿನ್ನ ಮಂಡಿನೋವಿಗೆ ಕುರಿಯ ಉಣ್ಣೆ ಸುತ್ತಿಕೋ. ಮಕ್ಕಳು ಮೊಮ್ಮಕ್ಕಳಿಗೆಲ್ಲ ದೇವರು ಆಯುಸ್ಸು ಆರೋಗ್ಯ ಕೊಡಲಿ. ನಿನ್ನ ಕೈಗಳನ್ನು ಕರ್ತನು ಆಶೀರ್ವದಿಸಲಿ, ಅವು ನನಗಾಗಿ ಮಾಡಿದ ಕೆಲಸ ಸಣ್ಣದಲ್ಲ.

ನಿನ್ನ,
ಗುನ್ವೋರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಸಂಜೆ ಬಲೆ ಕೆಳಗಿಟ್ಟು ಇವರು ಕೇಳಿದರು, "ಅದು ಗಂಡೋ ಹೆಣ್ಣೋ?" ನನಗೆ ಗೊತ್ತಿದೆಯೆಂದು ಅವರು ಇಷ್ಟು ಕಾಲ ತಿಳಿದಿದ್ದರಂತೆ. ಅವರಿಗೆ ಗೊತ್ತಿದೆಯೆಂದು ನಾನು ತಿಳಿದಿದ್ದೆ. ನೀನು ಬಟ್ಟೆಯಲ್ಲಿ ಸುತ್ತಿ ಒಯ್ದೆ, ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ಕೇಳಲಿಲ್ಲ. ಆಮೇಲೆ ಕೇಳುವ ಹೊತ್ತು ಮೀರಿತು ಅನ್ನಿಸಿತು. ಅದಕ್ಕೇ ನನ್ನ ಪ್ರಾರ್ಥನೆಯಲ್ಲಿ ಆ ಮಗುವಿಗೆ ಇವತ್ತಿಗೂ ಹೆಸರಿಲ್ಲ. ಎರಡು ಹೆಸರು ಇಟ್ಟುಕೊಂಡಿದ್ದೇನೆ, ಯಾವುದನ್ನು ಕರೆಯಬೇಕೆಂದು ನೀನು ಹೇಳಬೇಕು. ಒಂದೇ ಮಾತು ಸಾಕು. ನಾಳೆ ನಿನ್ನ ತಮ್ಮನೇ ದೋಣಿ ತೆಗೆದುಕೊಂಡು ಈ ಕಾಗದ ತರುತ್ತಾರೆ. ಬಾಯಲ್ಲಿ ಹೇಳಬೇಡ. ಬರೆದು, ಮಡಿಸಿ, ಅವರ ಕೈಗೆ ಕೊಡು. ದಾರಿಯಲ್ಲಿ ಬಿಚ್ಚದೆ ತರಬೇಕೆಂದು ಹೇಳಿದ್ದೇನೆ. ನಾನು ದಡದಲ್ಲಿ ನಿಂತಿರುತ್ತೇನೆ.