ಸಂಪಿನ ದಿನ ತೆಗೆದ ಬಾಗಿಲು

ಖಾನಾಪುರ
೧೭ ಅಕ್ಟೋಬರ್ ೨೦೦೦

ಪ್ರೀತಿಯ ನೀಲಾ,

ವಿಜಾಪುರದಲ್ಲಿ ನೀನೂ ಮಗ ಅಮರನೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಸುಮ್ಮನಿದ್ದೆ. ಬೇಕಾದಷ್ಟು ಬೈದುಕೋ, ಆದರೆ ಸಿಟ್ಟು ಇಟ್ಟುಕೊಳ್ಳಬೇಡ. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಎರಡು ಸಾಲು ಬರೆದು ಎದ್ದು ಬಾಗಿಲಿಗೆ ಹೋಗುತ್ತೇನೆ, ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತೇನೆ. ಫೋನು ಮಾಡಬಹುದಿತ್ತು. ಆದರೆ ಬೆಳಗಾವಿಯ ಟ್ರಂಕ್ ಬೋರ್ಡಿನ ಮುಂದೆ ಪಕ್ಕಪಕ್ಕ ಕೂತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟ ನಮಗೆ ಗೊತ್ತಲ್ಲ, ತಂತಿಯಲ್ಲಿ ಹೋಗುವ ಮಾತು ಇಬ್ಬರದೇ ಆಗಿ ಉಳಿಯುವುದಿಲ್ಲ.

ಬೋರ್ಡು ಮುಚ್ಚಿ ನಿನ್ನನ್ನು ಅಷ್ಟು ದೂರ ಕಳಿಸಿದಾಗ ನನ್ನನ್ನು ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಹಾಕಿದರು. ನಮ್ಮವರೂ ಇಲ್ಲೇ ಇದ್ದರು, ಯೂನಿಯನ್ನಿನ ಕಾರ್ಯದರ್ಶಿಯಾಗಿ. ಒಂದೇ ಡಬ್ಬಿಯಲ್ಲಿ ಇಬ್ಬರ ಊಟ. ಬೋರ್ಡು ಹೋದ ದುಃಖವನ್ನು ನಾನು ಹಾಗೇ ಮರೆತಿದ್ದೆ.

ನಮ್ಮ ಟೆಲಿಫೋನ್ ಇಲಾಖೆಯನ್ನು ಕಂಪನಿ ಮಾಡುತ್ತಾರೆಂದು ಸೆಪ್ಟೆಂಬರಿನಲ್ಲಿ ಸಂಪು ಹೂಡಿದೆವಲ್ಲ, ನೀವೆಲ್ಲ ಅಲ್ಲಿ ಕೂತಿದ್ದಿರಿ. ನಾವೂ ಇಲ್ಲಿ ಗೇಟಿನ ಮುಂದೆ ತಾಡಪತ್ರಿ ಕಟ್ಟಿಕೊಂಡು ಕೂತಿದ್ದೆವು. ಇವರ ಮಾತು ಬರೀ ಪೆನ್ಶನ್ ಬಗ್ಗೆ ಇರಲಿಲ್ಲ. "ಲಾಭಾ ನೋಡೋ ಕಂಪನಿ ಜಾಂಬೋಟಿ ಅಡವ್ಯಾಗ ನಾಕ ಮನಿ ಸಲುವಾಗಿ ಕಂಬಾ ನೆಡ್ತದೇನು?" ಎಂದು ಕೇಳುತ್ತಿದ್ದರು. ನನಗೂ ಅದು ಖರೇ ಅನ್ನಿಸುತ್ತಿತ್ತು. ಈಗಲೂ ಅನ್ನಿಸುತ್ತದೆ. ಅದನ್ನು ನೀನು ನಂಬಬೇಕು.

ಎರಡನೆಯ ದಿನ ಜೋರು ಮಳೆ. ಹಿಂದಿನ ದಿನವೇ ಕರೆಂಟು ಹೋಗಿತ್ತು. ಎಕ್ಸ್‌ಚೇಂಜಿನ ಬ್ಯಾಟರಿ ಇಳಿದು ಇಡೀ ಊರಿನ ಫೋನು ಸತ್ತಿತ್ತು. ಜನರೇಟರ್ ಒಳಗಿತ್ತು, ಬಾಗಿಲ ಕೀಲಿಕೈ ನನ್ನ ಚೀಲದಲ್ಲಿತ್ತು. ಯಾರೂ ಮುಟ್ಟಬಾರದೆಂದು ಎಲ್ಲರೂ ಕೂಡಿ ಮಾತಾಡಿಕೊಂಡಿದ್ದೆವು. ಎಕ್ಸ್‌ಚೇಂಜಿನ ಸಾಹೇಬರು ಬೆಳಗಾವಿಗೆ ಹೋಗಿದ್ದರು.

ಮಧ್ಯಾಹ್ನ ಒಬ್ಬ ಮುದುಕ ಕಂಬಳಿ ಹೊದ್ದು ಓಡುತ್ತ ಬಂದ. ರಾಯಪ್ಪ ಅಂತ, ಜಾಂಬೋಟಿ ಕಡೆ ಕುರಿ ಕಾಯುವವನು.

"ಬಾಯಾರ, ಇಲ್ಲೇ ದವಾಖಾನ್ಯಾಗ ಮಗಳು ಹಡದಾಳ್ರೀ, ಮಾಯಕ್ಕ. ರಕ್ತ ನಿಂದ್ರವಲ್ದು. ಬೆಳಗಾವಿಯಿಂದ ರಕ್ತ ತರಸಬೇಕಂತಾರ ಡಾಕ್ಟರಬಾಯಿ. ದವಾಖಾನಿ ಗಾಡಿ ಬೆಳಗಾವ್ಯಾಗ ಐತಂತ, ಫೋನ್ ಹಚ್ಚಿದ್ರ ಈಗಿಂದೀಗ ತರತಾರಂತ. ಫೋನ್ ಚಾಲೂ ಮಾಡ್ರೀ."

ಎಲ್ಲರೂ ಇವರ ಮುಖ ನೋಡಿದರು. ಇವರು ಕಲ್ಲಿನ ಹಾಗೆ ನಿಲ್ಲಲಿಲ್ಲ ನೀಲಾ. ಕೂಡಲೇ ಮೋಟರ್ ಸೈಕಲ್ಲಿನ ಕಡೆ ನಡೆದರು. "ನಾ ಹೋಗಿ ಹೇಳ್ತೀನಿ. ತಾಸಿನೊಳಗ ಮುಟ್ತೀನಿ" ಎಂದರು.

"ಈ ಮಳ್ಯಾಗ? ಅಲ್ಲೀತನಕಾ ಆ ಹುಡುಗಿ?" ಎಂದೆ.

"ವರದಾ, ಇಲ್ಲಿ ಬಾಗಲಾ ತಗದ್ರ ನಾಳೆ ಎಲ್ಲಾ ಕಡೆ ತಗಸ್ತಾರ. ಕಾರ್ಯದರ್ಶಿ ಹೇಣ್ತೀನ ತಗದ್ಲು ಅಂತ ನೋಟೀಸ್ ಹಚ್ತಾರ. ನನ್ನ ಮ್ಯಾಲ ವಿಶ್ವಾಸ ಇಡು, ನಾ ಹೊಂಟೀನಿ."

ಹೊರಟೇಬಿಟ್ಟರು. ಗಾಡಿಯ ಸದ್ದು ತಿರುವಿನಲ್ಲಿ ಅಡಗಿತು. ರಾಯಪ್ಪ ನನ್ನ ಮುಂದೆ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾನು ಎದ್ದೆ. "ಅಕ್ಕಾರ, ಅಣ್ಣಾರು ಹೋಗ್ಯಾರಲ್ರೀ" ಎಂದ ಲೈನ್‌ಮನ್ ಉಳವಪ್ಪ. ಕೈ ಹಿಡಿದು ತಡೆದವರು ಯಾರೂ ಇಲ್ಲ, ಜೊತೆಗೆ ಬಂದವರೂ ಯಾರೂ ಇಲ್ಲ. ಬಾಗಿಲು ತೆಗೆದು ಒಳಗೆ ಹೋದೆ. ಜನರೇಟರಿನ ಹಗ್ಗ ಎಳೆದೂ ಎಳೆದೂ ಅಂಗೈ ಸುಲಿದು ಹೋದ ಮೇಲೆ ಅದು ಚಾಲೂ ಆಯಿತು.

ದವಾಖಾನೆಯಿಂದ ಬೆಳಗಾವಿಗೆ ಫೋನು ಹೋಯಿತು. ರಕ್ತ ಬಂತು. ಮಾಯಕ್ಕ ಉಳಿದಳು, ಮಗುವೂ ಉಳಿಯಿತು.

ಇವರು ಪೀರನವಾಡಿ ಹತ್ತಿರ ಹೋಗುತ್ತಿದ್ದಾಗ ದವಾಖಾನೆಯ ಗಾಡಿ ದೀಪ ಹಾಕಿಕೊಂಡು ಎದುರಿಗೆ ಬಂತಂತೆ. ನಾನು ಬಾಗಿಲು ತೆಗೆದದ್ದು ಇವರಿಗೆ ತಿಳಿದದ್ದು ಹಾಗೆ. ನಡುದಾರಿಯಲ್ಲಿ, ಮಳೆಯಲ್ಲಿ, ಒಬ್ಬರೇ ಇದ್ದಾಗ.

ಮರುದಿನ ಇಲ್ಲಿ ಅರ್ಧ ಜನ ಕೆಲಸಕ್ಕೆ ಹೋದರು. ಕಾರ್ಯದರ್ಶಿಯ ಮನೆಯವರೇ ಹೋದ ಮೇಲೆ ನಮಗೇನು ಎಂದರು. ಇವರು ಕಾರ್ಯದರ್ಶಿ ಕೆಲಸ ಬಿಟ್ಟರು. ಯೂನಿಯನ್ನಿನವರು ಬಿಡಿಸುವ ಮೊದಲೇ ತಾವಾಗಿ ಬಿಟ್ಟರು.

ಮೊದಲ ತಾರೀಖು ಇಲಾಖೆ ಹೋಗಿ ಕಂಪನಿ ಬಂತು. ಬೆಳಗಾವಿಯಲ್ಲಿ ಸಮಾರಂಭ, ನನಗೆ ಶಾಲು. ಬರುವುದಿಲ್ಲ ಎಂದರೂ ಜೀಪು ಕಳಿಸಿದರು. ಒಬ್ಬ ದೊಡ್ಡ ಸಾಹೇಬರು ಮೈಕಿನಲ್ಲಿ, "ಕೆಲವರು ಗೇಟಿಗೆ ಅಡ್ಡ ನಿಂತಾಗ, ಗಂಡನನ್ನೂ ಲೆಕ್ಕಿಸದೆ ಒಳಗೆ ನಡೆದ ತಾಯಿ ಇವರು. ನಮ್ಮ ಕಂಪನಿಗೆ ಬೇಕಾದದ್ದು ಇಂಥವರು" ಎಂದರು. ಮೈಕು ಇಸಿದುಕೊಂಡು ಹೇಳಿದೆ, "ಅಡ್ಡಾ ಯಾರೂ ನಿಂತಿದ್ದಿಲ್ರೀ. ನಮ್ಮವರು ಮಳ್ಯಾಗ ಗಾಡಿ ಮ್ಯಾಲ ಸುದ್ದಿ ಮುಟ್ಟಸ್ಲಿಕ್ಕೆ ಹೋಗಿದ್ರು. ನಾನೂ ಸಂಪಿನಾಗ ಇದ್ದೆ. ಈ ಕಂಪನಿ ನನಗೂ ಬ್ಯಾಡಾಗಿತ್ರೀ."

ಅದಕ್ಕೂ ಚಪ್ಪಾಳೆ ಹೊಡೆದರು ನೀಲಾ. ನಗುತ್ತ ಹೊಡೆದರು. ಹೆಂಡತಿಯಾದವಳು ಹೀಗೆ ಹೇಳುವುದು ಚಂದ ಅಂದುಕೊಂಡರೋ ಏನೋ. ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಬಸ್ಸಿಗೆ ಬಂದೆ.

ರಾತ್ರಿ ಅಷ್ಟನ್ನೂ ಇವರಿಗೆ ಹೇಳಿದೆ. "ಹುಡುಗಿ ಉಳದ್ಲಲ್ಲ, ಅದ ಛಲೋ ಆತು" ಎಂದು ದೀಪ ಆರಿಸಿದರು. ಹೋದ ವಾರ ಇವರಿಗೆ ಕಾರವಾರಕ್ಕೆ ವರ್ಗವಾಗಿದೆ. ಸೋಮವಾರ ಹೊರಡುತ್ತಾರೆ.

ನಾನು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಇವರದು ತಪ್ಪು ಅಂತಲೂ ಅನ್ನಿಸುವುದಿಲ್ಲ. ಒಬ್ಬರಾದರೂ ತಪ್ಪಿದ್ದರೆ ಕ್ಷಮೆ ಕೇಳಿ, ಇಲ್ಲ ಕೇಳಿಸಿಕೊಂಡು, ಮುಗಿಸಬಹುದಿತ್ತು. ಈಗ ಮುಗಿಸುವುದಕ್ಕೆ ಏನೂ ಸಿಗುವುದಿಲ್ಲ. ಅದಕ್ಕೇ ಹೀಗೆ ಮನೆತುಂಬ ಓಡಾಡುತ್ತಿರುತ್ತೇನೆ.

ಅಮರನಿಗೆ ನನ್ನ ಆಶೀರ್ವಾದ ಹೇಳು, ಪರೀಕ್ಷೆಯಲ್ಲಿ ಗೆದ್ದು ಬರಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ, ನಿನ್ನ ಮನೆ ನಗುತ್ತಿರಲಿ.

ನಿನ್ನ
ವರದಾ

ತಾ.ಕ.: ಒಂದು ಮಾತು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇವರು ಬೈದಿಲ್ಲ, ಮಾತು ಬಿಟ್ಟಿಲ್ಲ, ಊಟ ಬಿಟ್ಟಿಲ್ಲ. ಆದರೆ ಆ ಸಂಜೆ ತೊಯ್ದು ಮನೆಗೆ ಬಂದಾಗಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಾರೆ. ಮದುವೆಯಾದ ದಿನದಿಂದ "ಏ ವರದಾ, ಬಾ ಇಲ್ಲೆ" ಅನ್ನುತ್ತಿದ್ದವರು ನಿನ್ನೆ ತಾಟಿನ ಮುಂದೆ ಕೂತು, ಕೌಂಟರಿಗೆ ಬಂದ ಯಾರಿಗೋ ಹೇಳುವ ಹಾಗೆ, ಬಹಳ ಮೆತ್ತಗೆ, "ನೀವೂ ಕುಂದರ್ರೀ" ಎಂದರು.