ಹೆಸರು ಬರೆಯದ ನಾಲ್ಕು ಸೀಸೆ

ನೆರಳೂರು, ಕಪ್ಪತಗುಡ್ಡ
ಏಳನೆಯ ಕಡಲೇರಿಕೆಯ ನಲವತ್ತೊಂದನೆಯ ವರ್ಷ, ಮಳೆತಿಂಗಳ ಐವತ್ತಮೂರನೆಯ ದಿನ

ಮುತ್ತಜ್ಜಿ ಶೈಲಶ್ರೀಯವರಿಗೂ ಮುತ್ತಜ್ಜ ಬಸವಂತಪ್ಪನವರಿಗೂ ನಿಮ್ಮಿಂದ ಐದನೆಯ ತಲೆಮಾರಿನ ಹೊಳೆವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ಐವತ್ತಮೂರು ದಿನ ಎಲ್ಲಿಂದ ಬಂತು ಎಂದು ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಿಂತ ಮೇಲೆಯೇ ಆ ತಿಂಗಳು ಮುಗಿಯುವುದು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ನಿಮಗಿನ್ನೂ ಮೂವತ್ತು ತುಂಬಿಲ್ಲ, ನನಗೆ ಅರವತ್ತೆರಡು. ಆದರೂ ಹಿರಿಯರು ನೀವೇ. ಆದ್ದರಿಂದ ಬೈಯುವುದಿದ್ದರೂ ಬಹುವಚನದಲ್ಲೇ ಬೈಯುತ್ತೇನೆ.

ಇದು ಹಿಂದೋಲೆ, ಎಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಜನ ಅದನ್ನು ತೀರಿಹೋದ ತಾಯಿಗೋ ಕೈತಪ್ಪಿದ ಮಗುವಿಗೋ ಎಂದು ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ. ನಾನು ನನ್ನದನ್ನು ಒಂದು ಚೀಟಿಯ ಸಲುವಾಗಿ ಕಳೆಯುತ್ತಿದ್ದೇನೆ.

ನೀವೀಗ ಗದಗದ ಮೆಡಿಕಲ್ ಅಂಗಡಿಗೆ ಹತ್ತು ದಿನ ಬೀಗ ಹಾಕಿ ಫಿಲಿಪ್ಪೀನ್ಸಿಗೆ ಹೋಗಿದ್ದೀರಿ. ಅವಸರವಿಲ್ಲದ ಪ್ರವಾಸ. ಬೆಳಿಗ್ಗೆ ದೋಣಿ ಹತ್ತುವುದು, ಒಂದು ದ್ವೀಪದಲ್ಲಿ ಇಳಿಯುವುದು, ತೆಂಗಿನ ನೆರಳಲ್ಲಿ ಚಾಪೆ ಹಾಸಿ ಬಿದ್ದುಕೊಳ್ಳುವುದು, ಹಸಿವಾದಾಗ ಎದ್ದು ಅನ್ನ, ಮಾವಿನಹಣ್ಣು ತಿನ್ನುವುದು. ಹಗಲು ಹೊತ್ತಿನಲ್ಲಿ ಮೈಮೇಲೆ ಬಿಸಿಲು ಬೀಳಲೆಂದು ಮಲಗಿದ್ದಿರಂತೆ. ಇದನ್ನು ನಮ್ಮ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನೆರಳುಗಂಟೆ. ಆಗ ಹೊರಗೆ ಕಾಲಿಟ್ಟವರನ್ನು ಕಾವಲಿನವರು ಎಳೆದು ತಂದು ಒಳಗೆ ಹಾಕುತ್ತಾರೆ. ಸಮುದ್ರವನ್ನು ನೋಡಲು ಈಗ ಯಾರೂ ಹೋಗುವುದಿಲ್ಲ, ಅದೇ ನಮ್ಮ ಕಡೆ ಬರುತ್ತಿದೆ.

ಮುತ್ತಜ್ಜ, ನೀವು ಇಳಿದ ಪ್ರತಿ ದಡದಿಂದ ಒಂದು ಚಿಟಿಕೆ ಮರಳನ್ನು ಅಂಗಡಿಯ ಔಷಧಿ ಸೀಸೆಯಲ್ಲಿ ತುಂಬಿಕೊಂಡಿರಿ. ಅಂಗಡಿಯ ಚೀಟಿಯನ್ನೇ ಅಂಟಿಸಿ, ‘ಊಟದ ನಂತರ’ ಎಂದು ಅಚ್ಚಾಗಿರುವುದರ ಕೆಳಗೆ ನಿಮಗೆ ತೋಚಿದ್ದನ್ನು ಬರೆದಿರಿ. ನಿಮ್ಮ ಫೋನಿನ ಚಿತ್ರಗಳು ನಿಮ್ಮ ಮೊಮ್ಮಕ್ಕಳ ಕಾಲಕ್ಕೇ ಅಳಿದವು, ಗಾಜು ಉಳಿಯಿತು. ನಾಲ್ಕೂ ಸೀಸೆ ನನ್ನೆದುರಿಗಿವೆ. ‘ಎಳನೀರು ಸಪ್ಪೆ.’ ‘ಶೈಲಾ ಚಪ್ಪಲಿ ಕಳಕೊಂಡದ್ದು.’ ‘ಮಧ್ಯಾಹ್ನ ಪೂರ್ತಿ ನಿದ್ದೆ.’ ‘ಇಲ್ಲೇ ಇದ್ದುಬಿಡೋಣ ಅಂದಳು.’ ಊರಿನ ಹೆಸರು ಒಂದರ ಮೇಲೂ ಇಲ್ಲ. ಯಾವ ಕಾಯಿಲೆಗೆ ಯಾವ ಗುಳಿಗೆ ಎಂದು ದಿನಕ್ಕೆ ನೂರು ಸಲ ತಪ್ಪದೆ ಬರೆಯುವ ಮನುಷ್ಯ ನೀವು. ಇಲ್ಲೇಕೆ ಹೀಗೆ ಮಾಡಿದಿರಿ ಎಂದು ಸಿಟ್ಟು ಬರುತ್ತದೆ. ನೀವು ಹೋದ ನಾಲ್ಕು ದ್ವೀಪಗಳ ಹೆಸರು ಮನೆಯಲ್ಲಿ ಬಾಯಿಂದ ಬಾಯಿಗೆ ಉಳಿದುಬಂದಿವೆ. ಯಾವ ಸೀಸೆ ಯಾವ ದ್ವೀಪದ್ದು ಎಂಬುದು ಉಳಿಯಲಿಲ್ಲ.

ಆ ನಾಲ್ಕರಲ್ಲಿ ಒಂದರ ಹೆಸರು ಸಿನಾಗ. ಅದು ಮುಳುಗಿ ಎಷ್ಟೋ ವರ್ಷವಾಯಿತು. ಅಲ್ಲಿಂದ ಬಂದ ದಡಗೆಟ್ಟವರು ನಮ್ಮ ಗುಡ್ಡದಲ್ಲಿದ್ದಾರೆ. ದಡ ಕಳೆದುಕೊಂಡವರನ್ನು ನಾವು ಹಾಗೆನ್ನುತ್ತೇವೆ. ಊರು ಹೋದ ಮೇಲೆ ಅವರಲ್ಲಿ ಒಂದು ಪದ್ಧತಿ ಹುಟ್ಟಿತು. ಸಾಯುವವರ ಮುಷ್ಟಿಯಲ್ಲಿ ಅವರ ಊರಿನ ಮರಳಿಟ್ಟು ಬಟ್ಟೆ ಕಟ್ಟುತ್ತಾರೆ. ಮರಳು ಸಿಗದಿದ್ದರೆ ಕೈ ಖಾಲಿ ಬಿಡುತ್ತಾರೆಯೇ ಹೊರತು ಬೇರೆ ಊರಿನದನ್ನು ಇಡುವುದಿಲ್ಲ. ಇಟ್ಟರೆ ಸತ್ತವರು ಗುರುತಿಲ್ಲದವರ ದಡಕ್ಕೆ ಹೋಗಿ ನಿಲ್ಲುತ್ತಾರಂತೆ, ವಾಪಸು ಬರುವ ದಾರಿಯಿಲ್ಲವಂತೆ.

ಲಿಗಾಯಕ್ಕ ನಲವತ್ತು ವರ್ಷ ನನ್ನ ಪಕ್ಕದ ಮನೆಯವಳು. ನಾಲ್ಕು ವರ್ಷದವಳಿದ್ದಾಗ ತಾಯಿಯ ಸೊಂಟದ ಮೇಲೆ ಕೂತು ಸಿನಾಗ ಬಿಟ್ಟವಳು. ನಾನು ಅವಳಿಗೆ ರೊಟ್ಟಿ ಬಡಿಯುವುದು ಕಲಿಸಿದೆ, ಅವಳು ನನಗೆ ಸಿಟ್ಟು ನುಂಗುವುದು ಕಲಿಸಿದಳು, ಇಬ್ಬರಿಗೂ ಪೂರ್ತಿ ಬರಲಿಲ್ಲ. ಕಳೆದ ವರ್ಷ ಹಾಸಿಗೆ ಹಿಡಿದಾಗ ನಾಲ್ಕೂ ಸೀಸೆ ಒಯ್ದು ತೋರಿಸಿದೆ. ಮೂಸಿ ನೋಡಿದಳು, ಅಂಗೈಯಲ್ಲಿ ತಿಕ್ಕಿ ನೋಡಿದಳು. ನಾಲ್ಕೂ ಬಿಳಿ, ನಾಲ್ಕೂ ಒಂದೇ ಥರ. ಅವಳಿಗೆ ಅಳು ಬಂತು. ನನಗೆ ತಡೆಯಲಾಗಲಿಲ್ಲ. ಮುತ್ತಜ್ಜಿ, ‘ಇಲ್ಲೇ ಇದ್ದುಬಿಡೋಣ’ ಎಂದು ನೀವು ಅಂದ ಊರಿನ ಸೀಸೆಯನ್ನೇ ಎತ್ತಿಕೊಂಡು ಅವಳ ಅಂಗೈಗೆ ಒಂದಿಷ್ಟು ಸುರಿದೆ. ಹಾಗೆ ಅನ್ನಿಸುವಂಥ ಊರು ಅವಳದೇ ಆಗಿರಲಿ ಎಂಬ ಆಸೆ, ಅಷ್ಟೇ.

ಅವಳು ನನ್ನ ಮುಖ ನೋಡಿ ಕೇಳಿದಳು: “ಹೊಳೆವ್ವಾ, ಇದು ನಮ್ಮೂರಿಂದ ಹೌದಲ್ಲ?”

“ಹೌದಕ್ಕಾ, ನಿಮ್ಮೂರಿಂದ ಐತಿ,” ಅಂದೆ.

ಮುಷ್ಟಿ ಬಿಗಿಹಿಡಿದೇ ಹೋದಳು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ನಾಲ್ಕರಲ್ಲಿ ಮೂರು ಪಾಲು ನಾನವಳನ್ನು ಬೇರೆಯವರ ದಡಕ್ಕೆ ಕಳಿಸಿದ್ದೇನೆ. ಈಗ ಅವಳ ತಂಗಿ ದಾಲಿಸಾಯ್ ಮಲಗಿದ್ದಾಳೆ. ಅಕ್ಕನಿಗೆ ಕೊಟ್ಟದ್ದನ್ನೇ ತನಗೂ ಕೊಡು ಎಂದು ದಿನಾ ಹೇಳಿಕಳಿಸುತ್ತಾಳೆ. ಸೀಸೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಎರಡನೆಯ ಸಲ ಆ ಸುಳ್ಳು ನನ್ನ ಬಾಯಿಂದ ಬರುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪ್ರವಾಸ ನಿಲ್ಲಿಸಿ ಎನ್ನುವುದಿಲ್ಲ. ನೀವಿಬ್ಬರು ಬಿಸಿಲಲ್ಲಿ ಮಲಗಿದ್ದಕ್ಕೆ ಸಮುದ್ರ ಏರಲಿಲ್ಲ. ಹಾಯಾಗಿರಿ, ಚಪ್ಪಲಿ ಕಳೆದುಕೊಳ್ಳಿ. ಮರಳು ತುಂಬುವಾಗ ದೋಣಿಯವರನ್ನು ಇದು ಯಾವ ಊರು ಎಂದು ಕೇಳಿ, ನಿಮ್ಮ ತಮಾಷೆಯ ಕೆಳಗೆ ಆ ಹೆಸರನ್ನೂ ಬರೆಯಿರಿ. ಚೀಟಿಯಲ್ಲಿ ಇನ್ನೊಂದು ಸಾಲಿಗೆ ಜಾಗವಿದೆ, ನಾನು ನೋಡಿದ್ದೇನೆ.

ಹಿಂದೋಲೆ ರವಾನಿಸುವ ಕಚೇರಿಯವರು ಬುದ್ಧಿ ಹೇಳಿದರು. ಇದು ನಿಮ್ಮ ಕೈಸೇರುವುದೇ ಆದರೆ ನಾನು ಹುಟ್ಟುವ ಮೊದಲೇ ಸೇರಿರಬೇಕು, ಹೆಸರು ಈಗಾಗಲೇ ಚೀಟಿಯ ಮೇಲೆ ಇರಬೇಕು ಎಂದರು. ಅವರು ಹೇಳುವುದು ನಿಜ. ಈಗಷ್ಟೇ ದೀಪದ ಹತ್ತಿರ ಹಿಡಿದು ನಾಲ್ಕೂ ಸೀಸೆ ಮತ್ತೊಮ್ಮೆ ನೋಡಿದೆ. ಕೊನೆಯ ಸಾಲು ಖಾಲಿಯೇ ಇದೆ.

ಆದರೂ ಕಳಿಸುತ್ತಿದ್ದೇನೆ. ಕೇಳಿ ಬರೆಯಿರಿ, ಮುತ್ತಜ್ಜ.

ನಿಮ್ಮ
ಹೊಳೆವ್ವ